ಇನ್ನೊಂದು ಸುತ್ತು ಇರಲಿ

ಯಾರಾದರೂ ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂತರೆ ಸಾಕು, ಅಲ್ಲಿಯವರೆಗೆ ಮನೆಯಲ್ಲಿ ಕಾಣದೇ ಇದ್ದವರೆಲ್ಲ ಎಲ್ಲಿಂದಲೋ ಬಂದು ಸುತ್ತ ನಿಲ್ಲುತ್ತಾರೆ. ಕದದ ಬಿಜಾಗರಿಯಿರಲಿ, ಮಿಕ್ಸಿಯ ತಳವಿರಲಿ, ಸೀಲಿಂಗ್ ಫ್ಯಾನಿರಲಿ, ಸಲಹೆ ಮಾತ್ರ ಒಂದೇ: "ಇನ್ನೊಂದು ಸುತ್ತು ಇರಲಿ." ನನ್ನ ಇಷ್ಟು ವರ್ಷದ ಅನುಭವದಲ್ಲಿ "ಸಾಕು, ನಿಲ್ಲಿಸಪ್ಪ" ಎಂದ ಸಲಹೆಗಾರನನ್ನು ನಾನು ನೋಡಿಲ್ಲ. ನಾವು ಬಡಿಸುವುದೂ ಹೀಗೆಯೇ ತಾನೆ? ಸಾರು ಇನ್ನೊಂದು ಸೌಟು ಇರಲಿ, ಪಾಯಸ ಇನ್ನೊಂದು ಲೋಟ ಇರಲಿ. ಆದರೆ ಪಂಕ್ತಿಯಲ್ಲಿ ಕೂತವನಿಗೆ ಎಲೆಗೆ ಕೈ ಅಡ್ಡ ಹಿಡಿಯುವ ಸ್ವಾತಂತ್ರ್ಯವಾದರೂ ಇದೆ. ಸ್ಕ್ರೂ ಎಂಬ ಬಡಪಾಯಿಗೆ ಕೈಯೇ ಇಲ್ಲ. ಅದು ಬಡಿಸಿದ್ದನ್ನೆಲ್ಲ ಉಂಡು, ಕೊನೆಗೆ ಒಂದು ದಿನ ಮರೆ ಸವೆದು, ಸುಮ್ಮನೆ ಗಿರಗಿರ ತಿರುಗತೊಡಗುತ್ತದೆ. ಆಗಲೂ ನಾವು ಬೈಯುವುದು ಸ್ಕ್ರೂವನ್ನೇ: "ಈಗಿನ ಕಾಲದ ಮಾಲೇ ಹೀಗೆ!"

ಈ ತತ್ತ್ವಚಿಂತನೆಗೆಲ್ಲ ಮೂಲ ನನ್ನ ಷಡ್ಡಕರ ಏರ್‌ಗನ್ನು. ಷಡ್ಡಕ ಎಂದರೆ ಗೊತ್ತಲ್ಲ, ಒಬ್ಬಳೇ ಅತ್ತೆಯನ್ನು ಹಂಚಿಕೊಂಡ ಇಬ್ಬರು ಗಂಡಸರ ನಡುವಿನ ಮೌನ ಒಪ್ಪಂದ. ನಮ್ಮವರು ನನ್ನ ಹೆಂಡತಿಯ ಅಕ್ಕನ ಗಂಡ. ನಾನು ಕರೆಯುವುದು ಭಾವ ಎಂದು. ಸೋಮವಾರಪೇಟೆಯ ಆಚೆ ಸಣ್ಣದೊಂದು ಕಾಫಿ ತೋಟ, ತೋಟದ ನಡುವೆ ಹೆಂಚಿನ ಮನೆ, ಮನೆಯ ಹಿಂದೆ ಎರಡಾಳೆತ್ತರದ ಮಣ್ಣಿನ ದರೆ. ದರೆಯ ಬುಡದಲ್ಲಿ ಖಾಲಿ ಡಬ್ಬಿಗಳನ್ನು ಸಾಲಾಗಿಟ್ಟು ಸಂಜೆ ಹೊತ್ತು ಏರ್‌ಗನ್ನಿನಿಂದ ಹೊಡೆಯುವುದು ಭಾವನ ವ್ಯಾಯಾಮ, ಧ್ಯಾನ, ಮನರಂಜನೆ ಎಲ್ಲ. ಗುರಿ ತಪ್ಪಿದರೂ ದರೆ ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಕೊಡಗಿನಲ್ಲಿ ಕೂತು ಏರ್‌ಗನ್ನಿನ ಮಾತಾಡುವುದಕ್ಕೆ ಸ್ವಲ್ಪ ನಾಚಿಕೆಯಾಗಬೇಕು, ಒಪ್ಪುತ್ತೇನೆ. ಅದು ಕೋವಿಯ ನಾಡು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 1963ರಲ್ಲಿ ಸಿಕ್ಕಿದ್ದು ಈಗ 2029ರವರೆಗೆ ಮುಂದುವರಿದಿದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು; ಫೋನು ಬರುವ ಮೊದಲೇ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದ ವ್ಯವಸ್ಥೆ ಅದು. ನಾಟಿ ಮುಗಿದು ಸೆಪ್ಟೆಂಬರ್ ಹೊತ್ತಿಗೆ ಕೈಲ್ ಮುಹೂರ್ತ ಬರುತ್ತದೆ. ಆಗ ಕೋವಿ ಕತ್ತಿಗಳನ್ನು ಒರೆಸಿ, ಪೂಜಿಸಿ, ಕೋವಿಗೆ ತೋಕ್ ಪೂ ಮುಡಿಸುತ್ತಾರೆ. ಬೆಂಕಿಯ ನಾಲಿಗೆಯಂಥ ಆ ಕೆಂಪು ಹಳದಿ ಹೂವನ್ನು ಬಯಲುಸೀಮೆಯಲ್ಲಿ ಅಗ್ನಿಶಿಖೆ ಎನ್ನುತ್ತಾರೆ. ಪೂಜೆಯಾದ ಮೇಲೆ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಸ್ಪರ್ಧೆ. ಅಲ್ಲಿ ಸೀರೆಯುಟ್ಟ ಅಜ್ಜಿಯೊಬ್ಬರು ಕೋವಿಯನ್ನು ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ, ಕಾಯಿಯನ್ನು ಚೂರುಚೂರು ಮಾಡಿದ್ದನ್ನು ನೋಡಿದ ದಿನದಿಂದ ನಾನು ಆ ಊರಿನ ಅಜ್ಜಿಯರ ಜೊತೆ ತುಂಬಾ ವಿನಯದಿಂದ ಮಾತಾಡುತ್ತೇನೆ.

ಭಾವ ಕೊಡವರಲ್ಲ, ಜಮ್ಮಾ ಭೂಮಿಯೂ ಇಲ್ಲ. ಹಾಗಾಗಿ ಅವರ ಪಾಲಿಗೆ ಬಂದದ್ದು 0.177 ಇಂಚಿನ, ಎಂದರೆ ನಾಲ್ಕೂವರೆ ಮಿಲಿಮೀಟರಿನ ಗುಂಡು ಹಾರಿಸುವ ಏರ್‌ಗನ್ನು. 20 ಜೂಲ್ ಶಕ್ತಿಯೊಳಗಿನ ಇಂಥದ್ದಕ್ಕೆ ಪರವಾನಗಿ ಬೇಡ. ಆದರೆ ಹಕ್ಕಿಗೋ ಮಂಗಕ್ಕೋ ಗುರಿಯಿಡುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಗಾಳಿಯಿಂದ ಹಾರುವ ಗುಂಡಿಗೆ ರಿಯಾಯಿತಿಯನ್ನೇನೂ ಕೊಟ್ಟಿಲ್ಲ. ಭಾವನ ತೋಟದ ಮಂಗಗಳಿಗೆ ಈ ಕಾಯ್ದೆ ಬಾಯಿಪಾಠವಾಗಿರಬೇಕು. ಭಾವ ಡಬ್ಬಿಗೆ ಹೊಡೆಯುತ್ತಿದ್ದರೆ ಅವು ಪಕ್ಕದ ಕಿತ್ತಳೆ ಮರದಲ್ಲಿ ಕೂತು ಹಣ್ಣು ಸುಲಿಯುತ್ತಾ ಪಂದ್ಯ ನೋಡುತ್ತವೆ.

ಅರವತ್ತು ದಾಟಿದ ಮೇಲೆ ಭಾವನಿಗೆ ಡಬ್ಬಿಗಳು ಮಸುಕಾಗತೊಡಗಿದವು. ಬರಿಗಣ್ಣಿನ ಗುರಿಯ ಕಷ್ಟ ಏನೆಂದರೆ, ಹಿಂದಿನ ಕಚ್ಚು, ಮುಂದಿನ ಮಣಿ, ಆಚೆಯ ಡಬ್ಬಿ ಮೂರೂ ಒಂದೇ ಹೊತ್ತಿಗೆ ಕಣ್ಣಿಗೆ ನಿಲುಕಬೇಕು. ಮೂರೂ ಬೇರೆ ಬೇರೆ ದೂರದಲ್ಲಿ. ಎಳೆಯ ಕಣ್ಣು ಹೇಗೋ ಓಡಾಡಿಕೊಂಡು ಸಂಭಾಳಿಸುತ್ತದೆ, ವಯಸ್ಸಾದ ಕಣ್ಣು ಒಂದನ್ನು ಹಿಡಿದರೆ ಎರಡನ್ನು ಬಿಡುತ್ತದೆ. ಸ್ಕೋಪು ಅಂದರೆ ದುರ್ಬೀನು ಕೂರಿಸಿಕೊಂಡರೆ ಗುರಿಯೂ ಅದರ ಮೇಲಿನ ಅಡ್ಡಗೆರೆ ನೆಟ್ಟಗೆರೆಗಳೂ ಒಂದೇ ಪದರದಲ್ಲಿ ಕಾಣುತ್ತವೆ. ದೊಡ್ಡದಾಗಿ ಕಾಣುವುದು ಆಮೇಲಿನ ಮಾತು. ಮೊದಲ ಉಪಕಾರ ಇದೇ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಅಪ್ಪನ ಹುಟ್ಟುಹಬ್ಬಕ್ಕೆ ಒಂದು ಸ್ಕೋಪು ಕಳಿಸಿದ. ಅದನ್ನು ಬಂದೂಕಿಗೆ ಹಿಡಿದಿಡುವ ರಿಂಗುಗಳು ಬೇರೆಯೇ ಪೊಟ್ಟಣದಲ್ಲಿ ಬಂದವು. ಮದುವೆಯಲ್ಲಿ ವರ ಒಂದು ಬಸ್ಸಿನಲ್ಲಿ, ಉಂಗುರ ಇನ್ನೊಂದು ಬಸ್ಸಿನಲ್ಲಿ ಬಂದರೆ ಏನಾಗುತ್ತದೋ ಅದೇ ಇಲ್ಲೂ ಆಯಿತು. ಸ್ಕೋಪಿನ ಕೊಳವೆ ಒಂದು ಇಂಚಿನದು, ಎಂದರೆ 25.4 ಮಿಲಿಮೀಟರು. ಬಂದ ರಿಂಗುಗಳು 30 ಮಿಲಿಮೀಟರಿನವು.

ಈ ಹಂತದಲ್ಲಿ ಪೇಟೆಯ ಗ್ಯಾರೇಜಿನ ಮೇಸ್ತ್ರಿ ರಂಗಪ್ರವೇಶ ಮಾಡಿದರು. ಸಜ್ಜನರು, ಉಪಕಾರಿ, ಜೀಪು ಟ್ರ್ಯಾಕ್ಟರುಗಳ ಧನ್ವಂತರಿ. ರಿಂಗಿನೊಳಗೆ ಲೊಡಲೊಡ ಎನ್ನುತ್ತಿದ್ದ ಸ್ಕೋಪನ್ನು ನೋಡಿ ಅವರು ಮುಗುಳ್ನಕ್ಕರು. ಹಳೇ ಸೈಕಲ್ ಟ್ಯೂಬು ತರಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಕೊಳವೆಗೆ ಸುತ್ತಿ, ರಿಂಗಿನ ಮುಚ್ಚಳ ಕೂರಿಸಿ ಬಿಗಿದರು. ಕಪ್ಪು ರಬ್ಬರು ರಿಂಗಿನ ಎರಡೂ ಬದಿಯಿಂದ ತುಟಿ ಚಾಚಿಕೊಂಡು ಹೊರಗೆ ಬಂತು. "ಆನೆ ತುಳಿದರೂ ಅಲ್ಲಾಡಲ್ಲ ಸಾರ್" ಎಂದರು. ಸುತ್ತ ನಿಂತಿದ್ದ ನಾವೆಲ್ಲ ತಲೆದೂಗಿದೆವು. ನಾನಂತೂ ಇಂಥ ಸಂದರ್ಭಗಳಲ್ಲಿ ತಲೆದೂಗುವುದರಲ್ಲಿ ಪಳಗಿದವನು. ಏನೂ ಅರ್ಥವಾಗದಿದ್ದಾಗ ನನ್ನ ತಲೆ ಇನ್ನೂ ಗಂಭೀರವಾಗಿ ತೂಗುತ್ತದೆ.

ಉದ್ಘಾಟನೆಯ ಗುಂಡು ಹೊಡೆಯುವ ಗೌರವ ಊರಿಂದ ಬಂದ ಅತಿಥಿಯೆಂದು ನನಗೆ ಸಿಕ್ಕಿತು. ಸ್ಕೋಪಿನಲ್ಲಿ ಡಬ್ಬಿ ಎಷ್ಟು ಹತ್ತಿರ ಕಂಡಿತೆಂದರೆ ಅದರ ಮೇಲಿನ ಬೆಲೆಯನ್ನೂ ಓದಬಹುದಿತ್ತು. ಗೆರೆಗಳು ಕೂಡುವಲ್ಲಿ ಡಬ್ಬಿಯ ನಡುಮಧ್ಯವನ್ನು ತಂದು, ಉಸಿರು ಬಿಗಿಹಿಡಿದು, ಕುದುರೆ ಒತ್ತಿದೆ. ಡಬ್ಬಿ ನಿಂತಲ್ಲೇ ನಿಂತಿತ್ತು. ಪಕ್ಕದ ಕುಂಡದಲ್ಲಿ ಅಕ್ಕನ ಆಂಥೂರಿಯಂ ಮಾತ್ರ ಕತ್ತು ಬಾಗಿಸಿ ನಮಸ್ಕಾರ ಮಾಡಿತು. ಮಲೆನಾಡಿನ ಮನೆಗಳಲ್ಲಿ ಆಂಥೂರಿಯಂ ಅಂದರೆ ಹೂಗಿಡವಲ್ಲ, ಮನೆಯ ಸದಸ್ಯ. ಅಕ್ಕ ಒಂದು ಮಾತೂ ಆಡಲಿಲ್ಲ. ಆ ರಾತ್ರಿ ನನ್ನ ಎಲೆಗೆ ಬಿದ್ದ ತುಪ್ಪದ ಪ್ರಮಾಣ ನೋಡಿಯೇ ನನಗೆ ವಿಷಯ ತಿಳಿದದ್ದು.

ಆಮೇಲೆ ಭಾವ ಹೊಡೆದರು, ಮೇಸ್ತ್ರಿ ಹೊಡೆದರು. ಒಂದು ಗುಂಡು ಎಡಕ್ಕೆ, ಇನ್ನೊಂದು ಮೇಲಕ್ಕೆ, ಮತ್ತೊಂದು ಎಲ್ಲಿಗೆಂದು ದರೆಗೇ ಗೊತ್ತು. ಕೊನೆಗೆ ನೋಡಿದರೆ ಆನೆ ತುಳಿದರೂ ಅಲ್ಲಾಡದ ಸ್ಕೋಪು ರಿಂಗಿನೊಳಗೇ ಜಾರಿ ಹಿಂದಕ್ಕೆ ಸರಿದು, ಹೊಡೆಯುವವನ ಹುಬ್ಬಿಗೆ ಮುತ್ತಿಡುವಷ್ಟು ಹತ್ತಿರ ಬಂದಿತ್ತು.

ಏರ್‌ಗನ್ನು ಎಂದರೆ ಮಕ್ಕಳ ಆಟಿಕೆ, ಅದಕ್ಕೇನು ಮಹಾ ಬಿಗಿ ಬೇಕು ಎಂದುಕೊಂಡಿದ್ದ ನನಗೆ ಅದರ ಹೊಟ್ಟೆಯೊಳಗಿನ ಸಮಾಚಾರ ಗೊತ್ತಾದದ್ದು ಆಗಲೇ. ನಳಿಗೆಯನ್ನು ಮಡಚಿದಾಗ ಒಳಗೆ ಬಲವಾದ ಸ್ಪ್ರಿಂಗೊಂದು ಅದುಮಿಕೊಂಡು ಕೂರುತ್ತದೆ. ಕುದುರೆ ಒತ್ತಿದೊಡನೆ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ಒದೆಯುತ್ತದೆ. ಪಿಸ್ಟನ್ನು ಮುಂದೆ ಹೊರಟಿತೆಂದು ಬಂದೂಕು ಹಿಂದಕ್ಕೆ ಹಾರುತ್ತದೆ. ಮರುಕ್ಷಣವೇ ಪಿಸ್ಟನ್ನು ಮುಂದಿನ ಗೋಡೆಯೆದುರು ಗಾಳಿಯನ್ನು ಅದುಮಿ ಗಕ್ಕನೆ ನಿಲ್ಲುತ್ತದೆ. ಆಗ ಬಂದೂಕು ಮುಂದಕ್ಕೆ ಎಗರುತ್ತದೆ. ದೊಡ್ಡ ರೈಫಲ್ಲು ಒದೆಯುವುದು ಒಂದೇ ದಿಕ್ಕಿಗೆ. ಸ್ಪ್ರಿಂಗಿನ ಏರ್‌ಗನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ದಿಕ್ಕಿಗೂ ಒದೆಯುತ್ತದೆ. ದೊಡ್ಡ ಬಂದೂಕಿನ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪು ಈ ಪುಟಾಣಿಯ ಮೇಲೆ ಬಂದು ಒಳಗಿನ ಗಾಜು ಸಡಿಲಿಸಿಕೊಳ್ಳುವುದುಂಟು. ಬಂದೂಕು ಮುಂದಕ್ಕೆ ಎಗರಿದಾಗ ಜಡಭಾರದ ಸ್ಕೋಪು ತನ್ನ ಜಾಗದಲ್ಲೇ ಉಳಿಯಲು ನೋಡುತ್ತದೆ. ಎಂದರೆ ಬಂದೂಕಿನ ಲೆಕ್ಕದಲ್ಲಿ ಹಿಂದಕ್ಕೆ ಸರಿಯುತ್ತದೆ. ಅದಕ್ಕೇ ಏರ್‌ಗನ್ನಿನ ರಿಂಗಿಗೆ ತಡೆಮೊಳೆ ಬೇಕು. ಹಿಂದಿನ ರಿಂಗಿನ ತಳದಿಂದ ಒಂದು ಸಣ್ಣ ಪಿನ್ನು ಇಳಿದು, ಬಂದೂಕಿನ ಬೆನ್ನಿನ ಮೇಲಿರುವ ತೂತಿನಲ್ಲಿ ಕೂತು, "ಇಲ್ಲಿಂದ ಹಿಂದೆ ಹೋಗುವಂತಿಲ್ಲ" ಎನ್ನುತ್ತದೆ. ಆ ತೂತು ಭಾವನ ಬಂದೂಕಿನಲ್ಲಿತ್ತು. ಎಣ್ಣೆ ಬಿಡುವುದಕ್ಕೆಂದು ಮಾಡಿದ್ದಾರೆಂದು ತಿಳಿದು ಅವರು ವರ್ಷಗಳಿಂದ ಅದಕ್ಕೆ ಎಣ್ಣೆ ಬಿಡುತ್ತಾ ಬಂದಿದ್ದರು.

ಒಂದು ಲೆಕ್ಕ ಹೇಳುತ್ತೇನೆ, ಹೆದರಬೇಡಿ, ತ್ರೈರಾಶಿಯಷ್ಟೇ. ಎರಡು ರಿಂಗುಗಳ ನಡುವೆ ಹತ್ತು ಸೆಂಟಿಮೀಟರು ಅಂತರ ಇದೆ ಎಂದುಕೊಳ್ಳಿ. ಹಿಂದಿನ ರಿಂಗಿನಲ್ಲಿ ಕೊಳವೆ 0.1 ಮಿಲಿಮೀಟರು, ಸುಮಾರು ಒಂದು ಕೂದಲಿನ ದಪ್ಪದಷ್ಟು, ಪಕ್ಕಕ್ಕೆ ವಾಲಿತು. ಹತ್ತು ಮೀಟರು ದೂರದ ಡಬ್ಬಿಯ ಮೇಲೆ ಗುರಿ ಒಂದು ಸೆಂಟಿಮೀಟರು ಆಚೆ ಹೋಗುತ್ತದೆ. ಮೂವತ್ತು ಮೀಟರಿನಲ್ಲಿ ಮೂರು. ಸೈಕಲ್ ಟ್ಯೂಬಿನ ರಬ್ಬರು ಒಂದು ಕೂದಲಿನಷ್ಟಲ್ಲ, ಒಂದು ಜಡೆಯಷ್ಟೇ ವಾಲಿಸಿರಬೇಕು.

ಒಲಿಂಪಿಕ್ಸಿನ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕಿಯ ಅಗಲ ಅರ್ಧ ಮಿಲಿಮೀಟರು. ಅಲ್ಲಿ ಸ್ಕೋಪಿಗೆ ಅನುಮತಿಯೇ ಇಲ್ಲ, ಸಣ್ಣ ರಂಧ್ರದ ಗುರಿಸಾಧನವಷ್ಟೇ. ಅದನ್ನು ಹಿಡಿದಿಡುವುದೂ ಸ್ಕ್ರೂಗಳೇ. 2008ರ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅಂತಿಮ ಸುತ್ತಿಗೆ ನಿಂತು ಪರೀಕ್ಷೆಗೆಂದು ಹೊಡೆದ ಗುಂಡು ಗುರಿಯಿಂದ ದೂರ ಹೋಯಿತಂತೆ. ಗುರಿಸಾಧನ ಕದಲಿತ್ತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಇದ್ದ ಅಲ್ಪ ಸಮಯದಲ್ಲಿ ಅದನ್ನು ಸರಿಪಡಿಸಿಕೊಂಡು, ಒಟ್ಟು 700.5 ಅಂಕ ಗಳಿಸಿ, ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದರು. ನನ್ನ ಕೈಯಲ್ಲಿದ್ದದ್ದೂ ಹತ್ತು ಮೀಟರು ದೂರದ ಏರ್‌ಗನ್ನೇ. ಫಲಿತಾಂಶದಲ್ಲಿ ಮಾತ್ರ ಒಂದು ಚಿನ್ನದ ಪದಕ ಮತ್ತು ಒಂದು ಆಂಥೂರಿಯಮ್ಮಿನಷ್ಟು ವ್ಯತ್ಯಾಸ.

ಮತ್ತೆ ತರಿಸಿದ ರಿಂಗುಗಳು ಒಂದು ಇಂಚಿನವೇ ಬಂದವು. ರಬ್ಬರಿನ ಅಪಮಾನ ಮೇಸ್ತ್ರಿಯ ಮನಸ್ಸಿನಲ್ಲಿ ಕುದಿಯುತ್ತಿತ್ತು. ಈ ಸಲ ಅವರು ಅಲೆನ್ ಕೀಗೆ ಒಂದು ಕಬ್ಬಿಣದ ಕೊಳವೆ ಸಿಕ್ಕಿಸಿ ಹಿಡಿ ಉದ್ದ ಮಾಡಿಕೊಂಡು, ಹಲ್ಲು ಕಚ್ಚಿ, ಒಂದೊಂದೇ ಸ್ಕ್ರೂ ಬಿಗಿದರು. ಒಂದು ಬದಿ ಪೂರ್ತಿ ಬಿಗಿದ ಮೇಲೆ ಇನ್ನೊಂದು ಬದಿ. ಹೊರಡುವ ಮುಂಚೆ, ಹೇಳಬೇಕೆ, ಇನ್ನೊಂದು ಸುತ್ತು. ಸ್ಕೋಪು ಅಲ್ಲಾಡಲಿಲ್ಲ ನಿಜ. ಆದರೆ ದೊಡ್ಡದು ಚಿಕ್ಕದು ಮಾಡುವ ಅದರ ಬಳೆ ಕೂಡ ಅಲ್ಲಾಡಲಿಲ್ಲ. ಗುರಿಯನ್ನು ಎಡ ಬಲಕ್ಕೆ ಸರಿಸುವ ಗುಬುಟು ತಿರುಗಿಸಿದರೆ ಕಟಕಟ ಶಬ್ದ ಬರುತ್ತಿತ್ತು, ಗುರಿ ಮಾತ್ರ ಇದ್ದಲ್ಲೇ.

ತಪ್ಪು ಮೇಸ್ತ್ರಿಯದಲ್ಲ, ಅವರ ಕೈಯ ಸಂಸ್ಕಾರದ್ದು. ಕಾರಿನ ಚಕ್ರದ ನಟ್ಟಿಗೆ ಬೇಕಾದದ್ದು ಸುಮಾರು 100 ನ್ಯೂಟನ್ ಮೀಟರಿನ ತಿರುಚುಬಲ. ಸ್ಕೋಪಿನ ರಿಂಗಿನ ಮೇಲಿನ ಸ್ಕ್ರೂಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವುದು 15ರಿಂದ 18 ಇಂಚು ಪೌಂಡು, ಎಂದರೆ ಹೆಚ್ಚುಕಡಿಮೆ 2 ನ್ಯೂಟನ್ ಮೀಟರು. ಒಂದು ಗೇಣಿಗಿಂತ ತುಸು ಗಿಡ್ಡದಾದ ಹಿಡಿಯ ತುದಿಗೆ ಒಂದು ಕಿಲೋ ಸಕ್ಕರೆ ನೇತುಹಾಕಿದರೆ ಆಗುವಷ್ಟು. ಚಕ್ರದ ನಟ್ಟಿಗಿಂತ ಐವತ್ತು ಪಾಲು ಕಡಿಮೆ! ದಿನವಿಡೀ ನೂರರಲ್ಲಿ ಬಾಳುವ ಕೈಗೆ ಎರಡು ಎಂಬುದು ಬಿಗಿಯೆಂದೇ ಅನಿಸುವುದಿಲ್ಲ. ಸ್ಕೋಪಿನ ಕೊಳವೆಯೋ ತೆಳು ಅಲ್ಯೂಮಿನಿಯಮ್ಮಿನದು. ಅದರೊಳಗೆ ಇನ್ನೊಂದು ಸಣ್ಣ ಕೊಳವೆ, ಗಾಜುಗಳನ್ನು ಹೊತ್ತು, ಸ್ಪ್ರಿಂಗಿನ ಆಸರೆಯಲ್ಲಿ ಅತ್ತಿತ್ತ ಆಡುತ್ತಿರುತ್ತದೆ. ಹೊರಗಿನದನ್ನು ಹಿಸುಕಿದರೆ ಒಳಗಿನದು ಸಿಕ್ಕಿಬೀಳುತ್ತದೆ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಭದ್ರ, ಶಿಸ್ತು, ಅಚಲ. ಕೆಲವು ಕೂಡುಕುಟುಂಬಗಳ ಬಗ್ಗೆ ನನಗೆ ಗೊತ್ತಿರುವುದನ್ನು ಇಲ್ಲಿ ಹೇಳುವುದಿಲ್ಲ.

ಬಿಗಿಯ ವಿಷಯ ಬಂದಾಗ ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕನೆಕ್ಟಿಕಟ್ ರಾಜ್ಯದಲ್ಲಿದೆ. ಸ್ಯಾಮ್ಯುಯೆಲ್ ಕೋಲ್ಟ್ ತನ್ನ ಪಿಸ್ತೂಲುಗಳ ದೊಡ್ಡ ಕಾರ್ಖಾನೆ ಹಾಕಿದ್ದು ಅಲ್ಲೇ. ಆರು ಮೂಲೆಯ ಗುಳಿಯಿರುವ ಸ್ಕ್ರೂ ಮಾಡುವ ವಿಧಾನಕ್ಕೆ 1910ರಲ್ಲಿ ಪೇಟೆಂಟ್ ಪಡೆದು, ನಮ್ಮ ಮೇಸ್ತ್ರಿಯ ಕೈಗೆ ಅಲೆನ್ ಕೀ ಕೊಟ್ಟ ವಿಲಿಯಂ ಅಲೆನ್ ಕೂಡ ಅದೇ ಊರಿನವನು. ಬಿಗಿದದ್ದು ಅದುರಾಟಕ್ಕೆ ಬಿಚ್ಚಿಕೊಳ್ಳದಂತೆ ಮರೆಗೆ ಹಚ್ಚುವ ಲಾಕ್‌ಟೈಟ್ ಅಂಟನ್ನು 1953ರಲ್ಲಿ ಕಂಡುಹಿಡಿದ ವೆರ್ನನ್ ಕ್ರೀಬಲ್, ಅದೇ ಊರಿನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟರು. ಗಾಳಿಯಿರುವಷ್ಟು ಹೊತ್ತು ನೀರಾಗಿರುವ ಆ ಅಂಟು, ಲೋಹದ ಎರಡು ಮೈಗಳ ನಡುವೆ ಗಾಳಿ ತಪ್ಪಿದ ಕೂಡಲೇ ಗಟ್ಟಿಯಾಗುತ್ತದೆ. ಬಂದೂಕು, ಬಿಗಿಯುವ ಕೀಲಿ, ಬಿಚ್ಚದಂತೆ ಹಿಡಿಯುವ ಅಂಟು ಮೂರೂ ಒಂದೇ ಊರಿನವು ಎಂದಮೇಲೆ ಆ ಊರಿನಲ್ಲಿ ಕದಗಳು ಕಿರ್ರೆನ್ನುವುದಿಲ್ಲ, ಕುರ್ಚಿಗಳು ಅಲ್ಲಾಡುವುದಿಲ್ಲ ಎಂದು ನಾನು ನಂಬಿದ್ದೇನೆ.

ಇನ್ನೊಬ್ಬ ಮಹಾನುಭಾವ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್. ಒಬ್ಬೊಬ್ಬ ಕಮ್ಮಾರ ಒಂದೊಂದು ಥರ ಮರೆ ಕೊರೆಯುತ್ತಿದ್ದ ಕಾಲದಲ್ಲಿ, ಎಲ್ಲ ಸ್ಕ್ರೂಗಳಿಗೂ ಒಂದೇ ಅಳತೆಯ ಮರೆ ಇರಲಿ ಎಂದು 1841ರಲ್ಲಿ ಹೇಳಿದವನು ಅವನು. ಮುಂದೆ ಆರು ಮೂಲೆಯ ನಳಿಗೆಯ ಒಂದು ರೈಫಲ್ಲನ್ನೂ ಮಾಡಿದ. 1860ರಲ್ಲಿ ವಿಂಬಲ್ಡನ್ನಿನ ಗುರಿಸ್ಪರ್ಧೆಯನ್ನು ಉದ್ಘಾಟಿಸಿದ್ದು ವಿಕ್ಟೋರಿಯಾ ರಾಣಿ. ವಿಟ್ವರ್ತನ ರೈಫಲ್ಲನ್ನು ಒಂದು ಕಬ್ಬಿಣದ ಪೀಠಕ್ಕೆ ಭದ್ರವಾಗಿ ಬಿಗಿದು, 400 ಗಜ ದೂರದ ಗುರಿಗೆ ಮೊದಲೇ ಹೊಂದಿಸಿಟ್ಟಿದ್ದರು. ರಾಣಿಯವರು ರೇಷ್ಮೆಯ ದಾರವೊಂದನ್ನು ಎಳೆದರು, ಗುಂಡು ನಟ್ಟನಡುವಿನಿಂದ ಒಂದೆರಡು ಇಂಚಿನ ಒಳಗೇ ಹೋಗಿ ಬಿತ್ತು. ಉದ್ಘಾಟನೆಯ ಗುಂಡನ್ನು ಅತಿಥಿಗೆ ಕೊಡುವುದಾದರೆ ಹೀಗೆ ಕೊಡಬೇಕು. ನನಗೂ ಒಂದು ದಾರ ಕೊಟ್ಟಿದ್ದರೆ ಅಕ್ಕನ ಗಿಡ ಉಳಿಯುತ್ತಿತ್ತು.

ದಸರೆ ರಜೆಗೆ ಭಾವನ ಮಗ ಬಂದ. ಸ್ಕೋಪಿನ ಮೇಲಿನ ಹಿಸುಕಿದ ಗುರುತು ನೋಡಿ, ಏನೂ ಅನ್ನದೆ, ಚೀಲದಿಂದ ಗಿಡ್ಡ ಹಿಡಿಯ ಸ್ಕ್ರೂಡ್ರೈವರೊಂದನ್ನು ತೆಗೆದ. ಹಿಡಿಯ ಮೇಲೆ ಅಂಕಿಗಳು. ಬೇಕಾದ ಅಂಕಿಗೆ ಹೊಂದಿಸಿಕೊಂಡರೆ, ಅಷ್ಟು ಬಿಗಿಯಾದ ಕೂಡಲೇ ಅದು "ಟಕ್" ಎಂದು ಕೈಬಿಡುತ್ತದೆ. ಆಮೇಲೆ ಎಷ್ಟು ತಿರುವಿದರೂ ಟಕ್ ಟಕ್, ಅಷ್ಟೇ. "ಸಾಕು" ಎನ್ನಬಲ್ಲ ಒಬ್ಬನನ್ನು ಕೊನೆಗೂ ನಾನು ಆ ಪಡಸಾಲೆಯಲ್ಲಿ ಕಂಡೆ.

ಹುಡುಗ ಮಾಡಿದ ರೀತಿಯನ್ನು ಹೇಳಿಬಿಡುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಷಡ್ಡಕರಿದ್ದಾರು. ಮೊದಲು ನಳಿಗೆ ಮಡಚಿ ಒಳಗೆ ಗುಂಡಿಲ್ಲವೆಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಂಡ. ಭಾವ ವರ್ಷಗಳಿಂದ ಬಿಟ್ಟಿದ್ದ ಎಣ್ಣೆಯನ್ನೆಲ್ಲ ಸ್ಪಿರಿಟ್ಟಿನಲ್ಲಿ ಒರೆಸಿದ. ಬಂದೂಕಿನ ಬೆನ್ನಿನ 11 ಮಿಲಿಮೀಟರಿನ ಹಳಿ, ರಿಂಗಿನ ಒಳಮೈ, ಸ್ಕ್ರೂವಿನ ಮರೆ ಎಲ್ಲವನ್ನೂ. ಎಣ್ಣೆ ಇದ್ದರೇನಂತೆ, ಸಲೀಸಾಗಿ ತಿರುಗುತ್ತದಲ್ಲ ಎಂದು ನಾನು ಕೇಳಿದೆ. "ಅದೇ ತೊಂದರೆ ಚಿಕ್ಕಪ್ಪ" ಎಂದ. ಸ್ಕ್ರೂ ತಿರುವಲು ನಾವು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಉಜ್ಜಾಟಕ್ಕೇ ಖರ್ಚಾಗುತ್ತದಂತೆ. ನಿಜವಾಗಿ ಹಿಡಿಯುವ ಕೆಲಸಕ್ಕೆ ಒದಗುವುದು ಒಂದೇ ಪಾಲು. ಎಣ್ಣೆ ಬಿಟ್ಟರೆ ಉಜ್ಜಾಟ ಇಳಿಯುತ್ತದೆ, ಉಳಿದ ಬಲವೆಲ್ಲ ಸ್ಕ್ರೂವನ್ನು ಎಳೆದು ಕೊಳವೆಯನ್ನು ಹಿಸುಕುತ್ತದೆ. ಕೈಗೆ ಮಾತ್ರ ಮೊದಲಿನಷ್ಟೇ ಬಿಗಿದ ಹಾಗೆ ಅನಿಸುತ್ತದೆ. ಹಸಿ ಅಂಟು ಹಚ್ಚಿದಾಗಲೂ ಇದೇ ಕಥೆ. ಅದಕ್ಕೇ ಅಂಟಿನ ಜೊತೆ ಬಿಗಿಯುವಾಗ ಅಂಕಿಯನ್ನು ಸ್ವಲ್ಪ ಇಳಿಸಬೇಕು. ಅವನು ತಳದ ಅಡ್ಡ ಸ್ಕ್ರೂಗಳಿಗಷ್ಟೇ ಒಂದು ಹನಿ ನೀಲಿ ಅಂಟು ಮುಟ್ಟಿಸಿದ, ಮೇಲಿನವನ್ನು ಒಣದಾಗಿಯೇ ಬಿಟ್ಟ.

ತಡೆಮೊಳೆ ಕೊನೆಗೂ ತನ್ನ ತೂತಿನಲ್ಲಿ ಕೂತಿತು. ತಳದ ಹಿಡಿಕೆಗಳು ಹಳಿಯನ್ನು ಉದ್ದಕ್ಕೂ ಸಮನಾಗಿ ಕಚ್ಚಿದವೇ ಎಂದು ನೋಡಿ ಮೊದಲು ಅವನ್ನು ಬಿಗಿದ. ಆಮೇಲೆ ಕೊಳವೆಯನ್ನು ರಿಂಗಿನ ತೊಟ್ಟಿಲಲ್ಲಿ ಮಲಗಿಸಿ, ಗುಬುಟಿರುವ ದಪ್ಪ ಭಾಗಕ್ಕೂ ಮುಂದಿನ ಅಗಲ ಬಾಯಿಗೂ ರಿಂಗು ತಾಗದಂತೆ ಜಾಗ ಬಿಟ್ಟು, ಮುಚ್ಚಳಗಳನ್ನು ಬೆರಳಿನಲ್ಲೇ ಸಡಿಲವಾಗಿ ತಿರುವಿದ. ಭಾವನಿಗೆ ಕಣ್ಣು ಮುಚ್ಚಿ ಬಂದೂಕನ್ನು ಹೆಗಲಿಗೆ ತರಲು ಹೇಳಿ, ಕೆನ್ನೆ ತಾನಾಗಿ ಕೂತ ಮೇಲೆ ಕಣ್ಣು ತೆರೆಯಲು ಹೇಳಿದ. ಅಂಚಿನಲ್ಲಿ ಕಪ್ಪು ಕವಿಯದೆ ಪೂರ್ತಿ ಚಂದ್ರ ಕಾಣುವವರೆಗೆ ಕೊಳವೆಯನ್ನು ಹಿಂದೆ ಮುಂದೆ ಸರಿಸಿದ. ಕಣ್ಣಿಗೂ ಗಾಜಿಗೂ ಎಂಟೊಂಬತ್ತು ಸೆಂಟಿಮೀಟರು ಉಳಿಯಿತು, ಹುಬ್ಬಿಗೆ ಅಭಯ. ಸ್ಕೋಪಿಗಾಗಿ ಮನುಷ್ಯ ಕತ್ತು ಚಾಚಬಾರದು, ಮನುಷ್ಯನಿದ್ದಲ್ಲಿಗೆ ಸ್ಕೋಪು ಬರಬೇಕು ಎಂಬುದು ನನಗೆ ಬಹಳ ಹಿಡಿಸಿತು. ಕೆಲವು ಕಚೇರಿಗಳ ಕಿಟಕಿಯ ಮುಂದೆ ಬಗ್ಗಿ ನಿಂತವರಿಗೆ ಅದರ ಬೆಲೆ ಗೊತ್ತು.

ಇನ್ನು ನೆಟ್ಟಗೆರೆ. ಗೆರೆ ಓರೆಯಾದರೆ ಹತ್ತಿರದ ಗುರಿ ಹೇಗೋ ಸಿಗುತ್ತದೆ, ದೂರ ಹೆಚ್ಚಿದಂತೆ ಗುಂಡು ಪಕ್ಕಕ್ಕೆ ಸರಿಯುತ್ತಾ ಹೋಗುತ್ತದೆ. ಬಂದೂಕಿನ ಬೆನ್ನ ಮೇಲೆ ಬಡಗಿಯ ಸಣ್ಣ ರಸಮಟ್ಟ ಇಟ್ಟು ಸಮ ಮಾಡಿದ. ಅಂಗಳದಾಚೆ ಅಡಿಕೆ ಮರದ ಬಳಿ ಗಾರೆಯವರ ತೂಗುಗುಂಡನ್ನು ದಾರಕ್ಕೆ ಕಟ್ಟಿ ಎತ್ತಿ ಹಿಡಿಯುವ ಕೆಲಸ ನನಗೆ ಬಂತು. ಸ್ಕೋಪಿನೊಳಗಿನ ನೆಟ್ಟಗೆರೆ ಆ ದಾರದ ಮೇಲೆ ಕೂರುವವರೆಗೆ ಕೊಳವೆಯನ್ನು ತಿರುಗಿಸುತ್ತಿದ್ದ. "ಅಲ್ಲಾಡಬೇಡಿ ಚಿಕ್ಕಪ್ಪ" ಎಂದು ಕೂಗುತ್ತಲೇ ಇದ್ದ. ನಾನು ಅಲ್ಲಾಡುತ್ತಿರಲಿಲ್ಲ, ಅಡಿಕೆ ಮರದ ಸೊಳ್ಳೆಗಳು ಅಲ್ಲಾಡಿಸುತ್ತಿದ್ದವು. ಆ ಇಡೀ ಕಾರ್ಯದಲ್ಲಿ ಭೂಮಿಯ ಗುರುತ್ವಾಕರ್ಷಣೆ ಮತ್ತು ನಾನು ಸಮಾನ ಪಾಲುದಾರರೆಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ.

ಕೊನೆಗೆ ಬಿಗಿ. ಒಂದು ಮುಚ್ಚಳಕ್ಕೆ ನಾಲ್ಕು ಸ್ಕ್ರೂ, ಬದಿಗೆ ಎರಡೆರಡು. ಎಡ ಮುಂದಿನದಕ್ಕೆ ಕಾಲು ಸುತ್ತು, ಅಲ್ಲಿಂದ ಬಲ ಹಿಂದಿನದಕ್ಕೆ. ಬಲ ಮುಂದಿನದು, ಎಡ ಹಿಂದಿನದು. ಯಾವುದನ್ನೂ ಒಂದೇ ಸಲಕ್ಕೆ ಮುಗಿಸುವಂತಿಲ್ಲ. ಪ್ರತಿ ಸರದಿಗೂ ಮುಚ್ಚಳ ಮತ್ತು ತಳದ ನಡುವಿನ ಸಂದಿ ಎರಡೂ ಬದಿಯಲ್ಲಿ ಸಮನಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು. ಒಂದು ಬದಿಯನ್ನೇ ಮೊದಲು ಬಿಗಿದರೆ ಕೊಳವೆ ಆ ಕಡೆಗೆ ಹೊರಳಿ, ಅಷ್ಟು ಕಷ್ಟಪಟ್ಟು ನೆಟ್ಟಗೆ ಮಾಡಿದ ಗೆರೆ ಓರೆಯಾಗುತ್ತದೆ. ಆ ಸಂದಿ ಪೂರ್ತಿ ಮುಚ್ಚಲೂಬಾರದಂತೆ. ನನಗೆ ಇದೇ ಆಶ್ಚರ್ಯ. ಸಂದಿ ಕಂಡರೆ ಮುಚ್ಚುವವರೆಗೆ ನಿದ್ದೆ ಬಾರದ ಜನ ನಾವು. ಇಲ್ಲಿ ಸಂದಿಯಿದ್ದರೆ ಮಾತ್ರ ಮುಚ್ಚಳ ಕೊಳವೆಯನ್ನು ಹಿಡಿದಿದೆ ಎಂದು ಲೆಕ್ಕ. ಮುಚ್ಚಿಹೋದರೆ ರಿಂಗು ತನ್ನನ್ನು ತಾನೇ ಹಿಡಿದುಕೊಂಡಿದೆ ಎಂದರ್ಥ. ಎಂಟೂ ಸ್ಕ್ರೂಗಳು ಒಂದಾದ ಮೇಲೊಂದು ಟಕ್ ಎಂದವು. ದೊಡ್ಡದು ಚಿಕ್ಕದು ಮಾಡುವ ಬಳೆ ಬೆಣ್ಣೆಯಂತೆ ತಿರುಗಿತು.

ಜಗುಲಿಯ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದ ಮೇಸ್ತ್ರಿಯ ಮುಖದಲ್ಲಿ ಅಪನಂಬಿಕೆ ಎದ್ದು ಕಾಣುತ್ತಿತ್ತು. "ಇಷ್ಟೇನಾ? ಇದು ಸಾಲಲ್ಲ ಸಾರ್" ಎಂದರು. ಅವರ ಕೈ ತಾನಾಗಿಯೇ ಮುಂದೆ ಬಂತು. ಹುಡುಗ ನಗುತ್ತಾ ತನ್ನ ಚಿಕ್ಕಮ್ಮನ, ಎಂದರೆ ನನ್ನ ಹೆಂಡತಿಯ, ನೇಲ್ ಪಾಲಿಶ್ ಕೇಳಿ ತಂದ. ಪ್ರತಿ ಸ್ಕ್ರೂವಿನ ತಲೆಯಿಂದ ಪಕ್ಕದ ರಿಂಗಿನ ಮೇಲಕ್ಕೆ ಒಂದು ಸಣ್ಣ ಕೆಂಪು ಗೆರೆ ಎಳೆದ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದದ್ದು ಕಾಣುತ್ತದೆ. "ಸಡಿಲವಾಯ್ತೋ ಅಂತ ಬಿಗಿದು ನೋಡಬೇಡಿ ಅಪ್ಪ, ಗೆರೆ ನೋಡಿ. ಗೆರೆ ಕೂಡಿದ್ದರೆ ಮುಟ್ಟಲೇಬೇಡಿ" ಎಂದು ಹೇಳಿ ಬೆಂಗಳೂರಿನ ಬಸ್ಸು ಹತ್ತಿದ.

ಪರೀಕ್ಷೆಗೆಂದು ಬಿಗಿಯುವುದನ್ನೂ ಬಿಡುವುದು ಎಷ್ಟು ಕಷ್ಟವೆಂದು ಈಗ ಭಾವನ ಮನೆಯಲ್ಲಿ ನಿತ್ಯ ಕಾಣಬಹುದು. ಡಬ್ಬಿಗಳು ದಿನಾ ಉರುಳುತ್ತಿವೆ. ಮಂಗಗಳೂ ಕಿತ್ತಳೆ ಮರದಲ್ಲಿ ಒಂದು ಕೊಂಬೆ ಹಿಂದೆ ಸರಿದು ಕೂರುತ್ತಿವೆ. ಅಕ್ಕ ಆಂಥೂರಿಯಂ ಕುಂಡಗಳನ್ನೆಲ್ಲ ಮನೆಯ ಮುಂಭಾಗಕ್ಕೆ ಸಾಗಿಸಿದ್ದಾರೆ. ಸ್ಕೋಪಿನ ಮೇಲೆ ನಂಬಿಕೆ ಬಂದಿದೆಯಂತೆ, ಅತಿಥಿಗಳ ಮೇಲೆ ಇನ್ನೂ ಬಂದಿಲ್ಲವಂತೆ. ಮೇಸ್ತ್ರಿ ಸಂಜೆ ಗ್ಯಾರೇಜು ಮುಚ್ಚಿ ತಪ್ಪದೆ ಬಂದು, ಕನ್ನಡಕ ಏರಿಸಿ, ಎಂಟು ಕೆಂಪು ಗೆರೆಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತಾರೆ. ಎಲ್ಲ ಕೂಡಿಯೇ ಇರುತ್ತವೆ. ಆದರೂ ಅವರ ಬಲಗೈ ಅಂಗಿಯ ಜೇಬಿನಲ್ಲಿರುವ ಅಲೆನ್ ಕೀ ಕಡೆ ಹೊರಡುತ್ತದೆ. ಅಷ್ಟರಲ್ಲಿ ಅಕ್ಕ ಒಳಗಿಂದ ಬಂದು, ಆ ಕೈಗೇ ಹಬೆಯಾಡುವ ಕಾಫಿ ಲೋಟ ಕೊಟ್ಟುಬಿಡುತ್ತಾರೆ.